ದೂರದ ನೋಟವೂ ಹತ್ತಿರದ ಋಣವೂ

ದೂರದಲ್ಲಿರುವುದನ್ನು ಕಾಣಬೇಕೆಂಬ ಆಸೆಯು ಮನುಷ್ಯನ ಆಸೆಗಳಲ್ಲೆಲ್ಲ ಅತ್ಯಂತ ನಿರಪರಾಧವಾದುದೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಧನದ ಆಸೆಯುಳ್ಳವನು ಇನ್ನೊಬ್ಬನ ಗಂಟಿಗೆ ಕೈಯಿಕ್ಕಬೇಕಾಗುವುದು. ಅಧಿಕಾರದ ಆಸೆಯುಳ್ಳವನು ಇನ್ನೊಬ್ಬನ ಹೆಗಲನ್ನೇರಬೇಕಾಗುವುದು. ನಕ್ಷತ್ರವನ್ನು ನೋಡುವವನಾದರೋ ಯಾರಿಂದಲೂ ಏನನ್ನೂ ಕಸಿಯುವುದಿಲ್ಲ. ಅವನು ನೋಡಿದ ಮಾತ್ರಕ್ಕೆ ಅರುಂಧತಿಯ ಬೆಳಕು ನೆರೆಮನೆಯವರ ಪಾಲಿಗೆ ಕಡಮೆಯಾಗದು. ಆದುದರಿಂದಲೇ ಲೋಕವು ಜ್ಯೋತಿಶ್ಶಾಸ್ತ್ರಜ್ಞನನ್ನು ಒಂದು ಬಗೆಯ ಋಷಿಯೆಂದು ಗೌರವಿಸುತ್ತ ಬಂದಿದೆ. ಆದರೆ ನೋಡುವವನು ಎಲ್ಲಿಯಾದರೂ ನಿಂತೇ ನೋಡಬೇಕು. ಅವನು ನಿಲ್ಲುವ ನೆಲವು ಯಾರದೋ ಆಗಿರುವುದು. ನೋಡುವ ಸಾಧನವು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿದ್ದಾಗ ಈ ಮಾತು ಯಾರ ಗಮನಕ್ಕೂ ಬರಲಿಲ್ಲ. ಅದು ಬೆಟ್ಟದ ತುದಿಯನ್ನೇ ಬೇಡುವಷ್ಟು ದೊಡ್ಡದಾದ ಮೇಲೆ ಪ್ರಶ್ನೆಯು ಎದ್ದಿತು. ದೂರವನ್ನು ಕಾಣುವ ಹಕ್ಕಿನಲ್ಲಿ ಹತ್ತಿರದವರನ್ನು ಕಾಣದಿರುವ ಹಕ್ಕೂ ಸೇರಿದೆಯೆ? ವಿಚಾರಮಾಡತಕ್ಕ ವಿಷಯ ಇದೇ.

ಪ್ರಶ್ನೆಯ ತೂಕವು ತಿಳಿಯಬೇಕಾದರೆ ಮೊದಲು ಸಾಧನದ ಸ್ವರೂಪವನ್ನು ತಿಳಿಯಬೇಕು. ೧೬೧೦ರ ಜನವರಿಯಲ್ಲಿ ಗೆಲಿಲಿಯೋ ಗುರುಗ್ರಹದ ಸುತ್ತ ತಿರುಗುವ ಚಂದ್ರರನ್ನು ಕಂಡುದು ಒಂದೆರಡು ಅಂಗುಲ ಅಗಲದ ಗಾಜಿನ ಮೂಲಕ. ಅಂದಿನಿಂದ ದೂರದರ್ಶಕಗಳು ಬೆಳೆಯುತ್ತಲೇ ಹೋದುವು. ದೂರದರ್ಶಕದ ಬಾಯಿ ಅಗಲವಾದಷ್ಟೂ ಎರಡು ಲಾಭಗಳುಂಟು: ಮಂದವಾದ ಬೆಳಕು ಹೆಚ್ಚಾಗಿ ಸಂಗ್ರಹವಾಗುವುದು ಒಂದು, ಒಂದಕ್ಕೊಂದು ಅಂಟಿದಂತಿರುವ ಬಿಂದುಗಳು ಬೇರೆಬೇರೆಯಾಗಿ ತೋರುವುದು ಇನ್ನೊಂದು. ಆದರೆ ಎರಡನೆಯ ಲಾಭಕ್ಕೆ ವಾಯುಮಂಡಲವು ಅಡ್ಡಬರುವುದು. ಹರಿಯುವ ಹೊಳೆಯ ತಳದ ಕಲ್ಲು ನಡುಗುವಂತೆ ಕಾಣುವುದಷ್ಟೆ. ಹಾಗೆಯೇ ಬಿಸಿಗಾಳಿ ತಣ್ಣನೆಯ ಗಾಳಿಗಳ ಕಲಕಾಟದಿಂದ ನಕ್ಷತ್ರವು ಮಿನುಗುವುದು. ಮಿನುಗುವುದು ಕವಿಗೆ ಸೊಗಸು, ಜ್ಯೋತಿಶ್ಶಾಸ್ತ್ರಜ್ಞನಿಗೆ ತೊಡಕು. ಲಕ್ಷಾಂತರ ವರ್ಷಗಳ ದಾರಿಯನ್ನು ಕೆಡದೆ ನಡೆದುಬಂದ ಬೆಳಕು, ಮನೆಯ ಹೊಸ್ತಿಲಲ್ಲಿ ಎಡವಿದ ಪ್ರಯಾಣಿಕನಂತೆ, ಕಟ್ಟಕಡೆಯ ಕ್ಷಣದಲ್ಲಿ ಕದಡಿಹೋಗುವುದು. ಕ್ಯಾಲಿಫೋರ್ನಿಯದ ಪಾಲೊಮಾರ್ ಬೆಟ್ಟದ ಮೇಲೆ ೧೯೪೯ರಲ್ಲಿ ಕೆಲಸಕ್ಕೆ ತೊಡಗಿದ ೨೦೦ ಅಂಗುಲದ ಮಹಾದೂರದರ್ಶಕವೂ, ಸೂಕ್ಷ್ಮವಿವರಗಳನ್ನು ಬಿಡಿಸಿ ತೋರಿಸುವ ಮಾತಿನಲ್ಲಿ, ಸಾಧಾರಣ ರಾತ್ರಿಗಳಲ್ಲಿ ಕೆಲವೇ ಅಂಗುಲದ ದೂರದರ್ಶಕಕ್ಕಿಂತ ಬಹಳ ಮುಂದೆ ಹೋಗಲಾರದೆ ಇದ್ದಿತು.

ಈ ತೊಡಕನ್ನು ನ್ಯೂಟನ್ನನು ಆಗಲೇ ಕಂಡಿದ್ದನು. ೧೭೦೪ರಲ್ಲಿ ಪ್ರಕಟವಾದ ‘ಆಪ್ಟಿಕ್ಸ್’ ಎಂಬ ಗ್ರಂಥದಲ್ಲಿ ಅವನು, ಗಾಳಿಯ ಈ ಕಂಪನವನ್ನು ಯಾವ ಗಾಜಿನಿಂದಲೂ ಕಳೆಯಲಾಗದೆಂದೂ, ಎತ್ತರವಾದ ಬೆಟ್ಟಗಳ ಮೇಲಿನ ನಿಶ್ಚಲವಾದ ಗಾಳಿಯೊಂದೇ ಉಪಾಯವೆಂದೂ ಅಭಿಪ್ರಾಯಪಟ್ಟನು. ಎರಡೂವರೆ ಶತಮಾನ ಇದೇ ಕೊನೆಯ ಮಾತಾಗಿದ್ದಿತು. ಆಮೇಲೆ ಎರಡು ಮಾರ್ಗಗಳು ಕವಲೊಡೆದುವು. ಗಾಳಿಯನ್ನೇ ಬಿಟ್ಟು ಅದರಾಚೆಗೆ ದೂರದರ್ಶಕವನ್ನು ಕಳುಹಿಸಬೇಕೆಂದು ೧೯೪೬ರಲ್ಲಿ ಲೈಮನ್ ಸ್ಪಿಟ್ಜರ್ ಎಂಬ ಅಮೆರಿಕದ ವಿದ್ವಾಂಸನು ಸೂಚಿಸಿದನು. ಗಾಳಿಯಲ್ಲಿಯೇ ಇದ್ದುಕೊಂಡು, ಅದು ಮಾಡುವ ಕೇಡನ್ನು ಅಳೆದು, ಕ್ಷಣಕ್ಷಣವೂ ತಿದ್ದಿಕೊಳ್ಳಬೇಕೆಂದು ೧೯೫೩ರಲ್ಲಿ ಹೊರೇಸ್ ಬ್ಯಾಬ್‌ಕಾಕ್ ಎಂಬ ಇನ್ನೊಬ್ಬನು ಸೂಚಿಸಿದನು. ಒಂದು ಸಂನ್ಯಾಸದ ಮಾರ್ಗ, ಇನ್ನೊಂದು ಗೃಹಸ್ಥನ ಮಾರ್ಗವೆಂದು ಹೇಳಿದರೆ ತಪ್ಪಾಗದು. ಎರಡಕ್ಕೂ ಗುರಿ ಒಂದೇ, ನಿರ್ಮಲವಾದ ದರ್ಶನ.

ಸಂನ್ಯಾಸಮಾರ್ಗದ ಫಲವು ಅಲ್ಪವಾದುದಲ್ಲ. ೧೯೯೦ರ ಏಪ್ರಿಲ್‌ನಲ್ಲಿ ಹಬಲ್ ದೂರದರ್ಶಕವು ಭೂಮಿಯಿಂದ ಸುಮಾರು ೬೦೦ ಕಿಲೋಮೀಟರ್ ಎತ್ತರದ ಕಕ್ಷೆಯನ್ನು ಸೇರಿತು. ಅದರ ಕನ್ನಡಿಯು ೨.೪ ಮೀಟರ್ ಅಗಲ. ಪಾಲೊಮಾರ್ ಕನ್ನಡಿಯ ಅರ್ಧದಷ್ಟೂ ಇಲ್ಲ. ಆದರೂ ಗಾಳಿಯ ಹಂಗಿಲ್ಲದುದರಿಂದ ಅದು ಕೊಟ್ಟಂತಹ ಸ್ಫುಟವಾದ ಚಿತ್ರಗಳನ್ನು ಅದಕ್ಕೆ ಮೊದಲು ಯಾವ ದೂರದರ್ಶಕವೂ ಕೊಟ್ಟಿರಲಿಲ್ಲ. ೨೦೨೧ರ ಡಿಸೆಂಬರ್ ೨೫ರಂದು ಹೊರಟ ಜೇಮ್ಸ್ ವೆಬ್ ದೂರದರ್ಶಕವು ಇನ್ನೂ ದೂರ, ಸುಮಾರು ೧೫ ಲಕ್ಷ ಕಿಲೋಮೀಟರ್ ಆಚೆಗೆ ಹೋಗಿ ನೆಲೆಸಿತು. ಚಿನ್ನದ ಲೇಪವುಳ್ಳ ೧೮ ತುಂಡುಗಳು ಕೂಡಿ ಆದ ಅದರ ಕನ್ನಡಿಯು ೬.೫ ಮೀಟರ್ ಅಗಲ. ಕೆಂಪಿಗೂ ಆಚೆಗಿನ, ಶಾಖರೂಪದಿಂದ ತಿಳಿಯಬರುವ ಅವಕೆಂಪು ಕಿರಣಗಳನ್ನು ನೋಡುವುದು ಅದರ ಮುಖ್ಯ ಕೆಲಸ. ಈ ಕಿರಣಗಳ ಬಹುಭಾಗವನ್ನು ವಾಯುಮಂಡಲದ ನೀರಾವಿಯು ನುಂಗಿಬಿಡುವುದು. ಉಳಿದುದನ್ನು ನೋಡಹೊರಟರೆ ಭೂಮಿಯ ಮೇಲಿನ ಬೆಚ್ಚನೆಯ ಗಾಳಿಯೂ ಬೆಚ್ಚನೆಯ ಕನ್ನಡಿಯೂ ತಾವೇ ಬೆಳಗುತ್ತಿರುವುವು. ಹಗಲಿನಲ್ಲಿ ನಕ್ಷತ್ರವನ್ನು ಹುಡುಕಿದಂತೆಯೇ ಸರಿ. ಅದಕ್ಕಾಗಿಯೇ ವೆಬ್ ದೂರದರ್ಶಕವು ಐದು ಪದರಗಳ ಕೊಡೆಯನ್ನು ಸೂರ್ಯನಿಗೆ ಅಡ್ಡಹಿಡಿದು ನೆರಳಿನಲ್ಲಿ ಅತಿಶೈತ್ಯದಲ್ಲಿರುವುದು. ಅತಿನೇರಳೆ ಕಿರಣಗಳ ಬಹುಭಾಗವೂ ಎಕ್ಸ್ ಕಿರಣಗಳೂ ನೆಲವನ್ನು ಮುಟ್ಟಲಾರವು. ಗಾಳಿಯು ತಡೆದಿಟ್ಟ ಬೆಳಕನ್ನು ಗಾಳಿಯಾಚೆ ಹೋಗಿಯೇ ನೋಡಬೇಕು. ಅದಕ್ಕೆ ಬೇರೆ ದಾರಿಯಿಲ್ಲ.

ಆದರೆ ಸಂನ್ಯಾಸಿಗೂ ಭಿಕ್ಷೆಯಿಕ್ಕುವ ಗೃಹಸ್ಥನು ಬೇಕು. ಹಬಲ್ ಮೇಲಕ್ಕೆ ಹೋದ ಕೆಲವೇ ವಾರಗಳಲ್ಲಿ ಅದರ ಕನ್ನಡಿಯ ಅಂಚನ್ನು ಒಂದು ಕೂದಲಿನ ಸುಮಾರು ಐವತ್ತನೆಯ ಒಂದು ಪಾಲಿನಷ್ಟು ಹೆಚ್ಚಾಗಿ ಸವೆಸಿದ್ದುದು ಬಯಲಾಯಿತು. ೧೯೯೩ರ ಡಿಸೆಂಬರ್‌ನಲ್ಲಿ ಮನುಷ್ಯರೇ ಅಲ್ಲಿಗೆ ಹೋಗಿ, ಕನ್ನಡಕ ತೊಡಿಸಿದಂತೆ, ಅದರ ದೃಷ್ಟಿದೋಷವನ್ನು ತಿದ್ದಿದರು. ೨೦೦೯ರವರೆಗೆ ಇಂತಹ ಐದು ಪ್ರಯಾಣಗಳು ನಡೆದುವು. ಕೈಗೆ ಎಟುಕುವಷ್ಟು ಹತ್ತಿರದಲ್ಲಿದ್ದುದರಿಂದ ಅದು ಬದುಕಿತು. ವೆಬ್ ದೂರದರ್ಶಕಕ್ಕೆ ಈ ಭಾಗ್ಯವಿಲ್ಲ. ರಾಕೆಟ್ಟಿನ ಮೂತಿಯಲ್ಲಿ ಹಿಡಿಸುವಂತೆ ಮಡಿಸಿಟ್ಟ ಅದು ದಾರಿಯಲ್ಲಿ ತಾನೇ ಬಿಚ್ಚಿಕೊಳ್ಳಬೇಕಾಗಿದ್ದಿತು; ಒಂದು ಕೀಲು ಸಿಕ್ಕಿಕೊಂಡಿದ್ದರೂ ಬಿಡಿಸಲು ಯಾರೂ ಹೋಗುವಂತಿರಲಿಲ್ಲ. ಅದಕ್ಕೆ ತಗುಲಿದ ವೆಚ್ಚ ಸುಮಾರು ೧,೦೦೦ ಕೋಟಿ ಡಾಲರ್.

ಇನ್ನು ಗೃಹಸ್ಥನ ಮಾರ್ಗ. ಬ್ಯಾಬ್‌ಕಾಕ್‌ನ ಸೂಚನೆಯು ಕೈಗೂಡಲು ಮೂರು ನಾಲ್ಕು ದಶಕಗಳು ಹಿಡಿದುವು. ಅಷ್ಟು ವೇಗದ ಗಣಕಯಂತ್ರಗಳು ಆಗ ಇರಲಿಲ್ಲ. ಉಪಾಯದ ತಿರುಳು ಇಷ್ಟು. ನೋಡಬೇಕಾದ ವಸ್ತುವಿನ ಮಗ್ಗುಲಲ್ಲಿ ಒಂದು ಪ್ರಕಾಶಮಾನವಾದ ನಕ್ಷತ್ರವನ್ನು ಗುರುತಿಗಾಗಿ ಇಟ್ಟುಕೊಳ್ಳುವರು. ಅಂತಹುದು ಇಲ್ಲದಿದ್ದರೆ, ಸುಮಾರು ೯೦ ಕಿಲೋಮೀಟರ್ ಎತ್ತರದಲ್ಲಿ ಹರಡಿರುವ ಸೋಡಿಯಂ ಪರಮಾಣುಗಳ ಮೇಲೆ ಲೇಸರ್ ಕಿರಣವನ್ನು ಬಿಟ್ಟು ಕೃತಕ ನಕ್ಷತ್ರವೊಂದನ್ನು ಬೆಳಗಿಸುವರು. ಆ ಬೆಳಕು ಗಾಳಿಯಲ್ಲಿ ಎಷ್ಟು ಕದಡಿತೆಂಬುದನ್ನು ಕ್ಷಣಕ್ಷಣಕ್ಕೂ ಅಳೆದು, ಬಾಗುವ ತೆಳು ಕನ್ನಡಿಯೊಂದನ್ನು ಅದಕ್ಕೆ ಪ್ರತಿಯಾಗಿ ಒಂದು ಸೆಕೆಂಡಿಗೆ ನೂರಾರು ಸಲ ಬಾಗಿಸುವರು. ಗಾಳಿಯ ಡೊಂಕೂ ಕನ್ನಡಿಯ ಡೊಂಕೂ ಒಂದನ್ನೊಂದು ಕಳೆದು ಬೆಳಕು ನೇರವಾಗುವುದು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಈ ಯಂತ್ರವು ಗಾಳಿಯನ್ನು ಹಳಿಯುವುದಿಲ್ಲ. ಗಾಳಿಯೇ ಇಲ್ಲವೆಂದು ನಟಿಸುವುದೂ ಇಲ್ಲ. ತನ್ನನ್ನು ಅಲುಗಿಸುವುದನ್ನು ಮೊದಲು ಲಕ್ಷ್ಯಕೊಟ್ಟು ನೋಡಿ, ತಾನು ಬಾಗಿ, ಆಮೇಲೆ ದೂರವನ್ನು ನೋಡುವುದು.

ಈ ವಿನಯಕ್ಕೆ ದೊರೆತ ಫಲ ದೊಡ್ಡದು. ಆಕಾಶಗಂಗೆಯ ನಡುವೆ, ಧನುರಾಶಿಯ ದಿಕ್ಕಿನಲ್ಲಿ, ಕಣ್ಣಿಗೆ ಕಾಣದ ಬಿಂದುವೊಂದನ್ನು ಸುತ್ತುವ ನಕ್ಷತ್ರಗಳನ್ನು ಚಿಲಿ ದೇಶದಿಂದಲೂ ಹವಾಯಿ ದ್ವೀಪದಿಂದಲೂ ಎರಡು ತಂಡಗಳು ೧೯೯೦ರ ದಶಕದಿಂದ ವರ್ಷ ವರ್ಷವೂ ಬಿಡದೆ ನೋಡುತ್ತ ಬಂದುವು. ಒಂದು ನಕ್ಷತ್ರವು ೧೬ ವರ್ಷಗಳಿಗೊಮ್ಮೆ ಸುತ್ತನ್ನು ಮುಗಿಸುವುದು. ಆ ಸುತ್ತು ಪೂರ್ತಿಯಾಗುವವರೆಗೂ ಅವರು ಕಾದರು. ನಡುವೆ ಇರುವುದು ಸೂರ್ಯನ ಸುಮಾರು ೪೦ ಲಕ್ಷದಷ್ಟು ತೂಕದ ಕಪ್ಪು ರಂಧ್ರವೆಂಬುದು ಹೀಗೆ ಸಿದ್ಧವಾಯಿತು. ಇದಕ್ಕಾಗಿ ರೈನ್‌ಹಾರ್ಡ್ ಗೆನ್ಸೆಲ್, ಆಂಡ್ರಿಯಾ ಗೆಜ಼್ ಇವರಿಗೆ ೨೦೨೦ರಲ್ಲಿ ನೊಬೆಲ್ ಬಹುಮಾನ ಬಂದಿತು. ಇದು ನೆಲದ ಮೇಲೆ ನಿಂತ ದೂರದರ್ಶಕಗಳು ಗಳಿಸಿದ ಜ್ಞಾನ. ಅವುಗಳನ್ನು ದುರಸ್ತಿಮಾಡಬಹುದು, ಹಳೆಯ ಉಪಕರಣವನ್ನು ತೆಗೆದು ಹೊಸದನ್ನು ಜೋಡಿಸಬಹುದು, ರಾಕೆಟ್ಟಿನ ಮೂತಿಯ ಅಳತೆಗೆ ಅವು ಒಳಗಾಗಬೇಕಿಲ್ಲ. ಯೂರೋಪಿನ ದೇಶಗಳು ಕೂಡಿ ಚಿಲಿಯ ಸೆರೋ ಆರ್ಮಸೋನೆಸ್ ಎಂಬ ೩,೦೪೬ ಮೀಟರ್ ಎತ್ತರದ ಬೆಟ್ಟದ ಮೇಲೆ ಕಟ್ಟುತ್ತಿರುವ ದೂರದರ್ಶಕದ ಕನ್ನಡಿಯು ೩೯ ಮೀಟರ್ ಅಗಲವಾಗಿರುವುದು. ಅದು ಜೇನುಹುಟ್ಟಿನ ಕಣ್ಣುಗಳಂತೆ ಕೂಡಿಸಿದ ೭೯೮ ತುಂಡುಗಳದು. ಬೆಳಕನ್ನು ಹಿಡಿಯುವ ಅದರ ಮೈ ವೆಬ್ ಕನ್ನಡಿಯ ಸುಮಾರು ನಲವತ್ತರಷ್ಟು. ವೆಚ್ಚವಾದರೋ ಸುಮಾರು ೧೫೦ ಕೋಟಿ ಯೂರೋ, ಎಂದರೆ ವೆಬ್‌ಗೆ ತಗುಲಿದುದರ ಐದರಲ್ಲೊಂದು ಪಾಲಿಗಿಂತ ಹೆಚ್ಚಲ್ಲ.

ಹಾಗಾದರೆ ಎರಡರಲ್ಲಿ ಮೇಲು ಯಾವುದು? ಕಣ್ಣು ಮೇಲೋ ಕಿವಿ ಮೇಲೋ ಎಂದು ಕೇಳಿದಂತೆ ಈ ಪ್ರಶ್ನೆ. ವಿಶ್ವವು ಹುಟ್ಟಿ ೩೦ ಕೋಟಿ ವರ್ಷಗಳೂ ತುಂಬದಿದ್ದಾಗಿನ ಒಂದು ಗೆಲಾಕ್ಸಿಯನ್ನು, ಎಂದರೆ ನಕ್ಷತ್ರಗಳ ಮಹಾಸಮೂಹವನ್ನು, ವೆಬ್ ಕಂಡುಹಿಡಿದುದು ೨೦೨೪ರಲ್ಲಿ ಪ್ರಕಟವಾಯಿತು. ಅದರಲ್ಲಿ ಆಮ್ಲಜನಕವಿದೆಯೆಂಬುದನ್ನು ತೋರಿಸಿ ಅದರ ದೂರವನ್ನು ಇನ್ನೂ ನಿಖರವಾಗಿ ಗೊತ್ತುಮಾಡಿದುದು, ಚಿಲಿಯಲ್ಲಿ ಸುಮಾರು ೫,೦೦೦ ಮೀಟರ್ ಎತ್ತರದ ಬಯಲಿನಲ್ಲಿ ನಿಂತ ಅಲ್ಮಾ ಎಂಬ ರೇಡಿಯೋ ದೂರದರ್ಶಕ; ಅದು ೨೦೨೫ರ ಮಾತು. ಅಂತರಿಕ್ಷದ ಕಣ್ಣು ಕಂಡುದನ್ನು ನೆಲದ ಕಣ್ಣು ದೃಢಪಡಿಸಿತು. ಶಾಸ್ತ್ರದ ದೃಷ್ಟಿಯಿಂದ ಎರಡೂ ಬೇಕು, ಇದರಲ್ಲಿ ವಿವಾದವಿಲ್ಲ.

ವಿವಾದವಿರುವುದು ಧರ್ಮದ ದೃಷ್ಟಿಯಿಂದ. ಹವಾಯಿ ದ್ವೀಪದಲ್ಲಿ ಮೌನಾಕೆಯಾ ಎಂಬ ಪರ್ವತವಿದೆ; ಎತ್ತರ ಸುಮಾರು ೪,೨೦೦ ಮೀಟರ್. ಗಾಳಿಯು ಅಲ್ಲಿ ಶುಷ್ಕವೂ ನಿಶ್ಚಲವೂ ಆಗಿರುವುದರಿಂದ ನ್ಯೂಟನ್ನನು ಬಯಸಿದ ಬೆಟ್ಟವೇ ಅದು ಎನ್ನಬಹುದು. ೧೯೬೮ರಲ್ಲಿ ಅದರ ತುದಿಯ ಭೂಮಿಯನ್ನು ಅಲ್ಲಿನ ವಿಶ್ವವಿದ್ಯಾನಿಲಯಕ್ಕೆ ೬೫ ವರ್ಷಗಳ ಗೇಣಿಗೆ ಕೊಡಲಾಯಿತು. ಮುಂದಿನ ದಶಕಗಳಲ್ಲಿ ಹದಿಮೂರು ದೂರದರ್ಶಕಗಳು ಎದ್ದುವು. ಆಕಾಶಗಂಗೆಯ ನಡುವನ್ನು ನೋಡಿದ ಕೆಕ್ ದೂರದರ್ಶಕಗಳೂ ಅವುಗಳಲ್ಲಿ ಸೇರಿವೆ. ಆ ಬಳಿಕ ೩೦ ಮೀಟರ್ ಅಗಲದ, ೪೯೨ ತುಂಡುಗಳ ಕನ್ನಡಿಯುಳ್ಳ ಇನ್ನೊಂದನ್ನು ಅಲ್ಲಿಯೇ ಕಟ್ಟಬೇಕೆಂದು ಅಮೆರಿಕ, ಜಪಾನ್, ಕೆನಡಾ, ಭಾರತ ಮುಂತಾದ ದೇಶಗಳ ಸಂಸ್ಥೆಗಳು ಕೂಡಿ ನಿಶ್ಚಯಿಸಿದುವು. ಭಾರತದ ಸರ್ಕಾರವು ಇದರಲ್ಲಿ ಪಾಲುಗೊಳ್ಳಲು ೨೦೧೪ರಲ್ಲಿ ಒಪ್ಪಿತು. ಆ ಕನ್ನಡಿಯ ಕೆಲವು ತುಂಡುಗಳನ್ನು ಉಜ್ಜಿ ನಯಗೊಳಿಸುವುದಕ್ಕಾಗಿ ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲಿ, ಕಾರ್ಯಾಗಾರವೂ ಸಿದ್ಧವಾಯಿತು. ಆದಕಾರಣ ಮೌನಾಕೆಯಾದ ಪ್ರಶ್ನೆಯು ಕನ್ನಡನಾಡಿಗೆ ಕೇವಲ ಪರದೇಶದ ಸುದ್ದಿಯಲ್ಲ.

೨೦೧೪ರ ಅಕ್ಟೋಬರ್‌ನಲ್ಲಿ ನಡೆಯಬೇಕಾಗಿದ್ದ ಶಂಕುಸ್ಥಾಪನೆಯನ್ನು ಹವಾಯಿಯ ಮೂಲನಿವಾಸಿಗಳು ತಡೆದರು. ೨೦೧೫ರಲ್ಲಿ ಅವರು ದಾರಿಗೆ ಅಡ್ಡನಿಂತರು. ಅದೇ ವರ್ಷದ ಕೊನೆಗೆ ಅಲ್ಲಿನ ಶ್ರೇಷ್ಠ ನ್ಯಾಯಾಲಯವು, ಕಟ್ಟಲು ಕೊಟ್ಟ ಅನುಮತಿಯು ಕ್ರಮಬದ್ಧವಲ್ಲವೆಂದು ರದ್ದುಮಾಡಿತು. ಪುನಃ ವಿಚಾರಣೆ ನಡೆದು, ಹೊಸ ಅನುಮತಿಯನ್ನು ೨೦೧೮ರಲ್ಲಿ ಅದೇ ನ್ಯಾಯಾಲಯವು ಎತ್ತಿಹಿಡಿಯಿತು. ೨೦೧೯ರ ಜುಲೈಯಲ್ಲಿ ಯಂತ್ರಗಳು ಹೊರಟಾಗ ಮುದುಕರೂ ಮುದುಕಿಯರೂ ರಸ್ತೆಯ ಮೇಲೆ ಕುಳಿತರು. ಮೂವತ್ತಕ್ಕೂ ಹೆಚ್ಚು ಮಂದಿ ಹಿರಿಯರನ್ನು ಸೆರೆಹಿಡಿದರು. ಅಲ್ಲಿಂದೀಚೆಗೆ ಕಟ್ಟಡವು ಮೇಲೆದ್ದಿಲ್ಲ.

ಅವರು ಅಡ್ಡನಿಂತುದು ಏತಕ್ಕೆ? ಆ ಪರ್ವತವು ಆಕಾಶಪಿತನಾದ ವಾಕೆಯಾ, ಭೂಮಾತೆಯಾದ ಪಾಪಾ ಇವರ ಸಂತಾನವೆಂದೂ, ತಮ್ಮ ಕುಲಕ್ಕೆ ಹಿರಿಯ ಬಂಧುವೆಂದೂ ಅವರ ಪರಂಪರೆ. ದ್ಯಾವಾಪೃಥಿವಿಗಳನ್ನು ತಂದೆತಾಯಿಗಳೆಂದು ಬಲ್ಲ ದೇಶದವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಇದರೊಡನೆ ರಾಜಕೀಯ ವ್ಯಥೆಯೊಂದೂ ಸೇರಿದೆ. ೧೮೯೩ರಲ್ಲಿ ಆ ದ್ವೀಪಗಳ ರಾಣಿಯನ್ನು ಪದಚ್ಯುತಳನ್ನಾಗಿ ಮಾಡಿ, ೧೮೯೮ರಲ್ಲಿ ರಾಜ್ಯವನ್ನು ಅಮೆರಿಕಕ್ಕೆ ಸೇರಿಸಿಕೊಂಡರು. ನೂರು ವರ್ಷಗಳಾದ ಮೇಲೆ, ೧೯೯೩ರಲ್ಲಿ, ಅಮೆರಿಕದ ಶಾಸನಸಭೆಯೇ ಈ ಕೃತ್ಯಕ್ಕಾಗಿ ಕ್ಷಮೆ ಕೋರುವ ನಿರ್ಣಯವನ್ನು ಅಂಗೀಕರಿಸಿತು. ಹೀಗೆ ಕೈಬಿಟ್ಟುಹೋದ ರಾಜ್ಯದ ಭೂಮಿಯಲ್ಲಿ ಸೇರಿದುದೇ ಆ ಶಿಖರ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು. ದೂರದ ದೇಶಗಳಲ್ಲಿ ಕುಳಿತು ಗಾಳಿಯ ಲೆಕ್ಕವನ್ನು ನೋಡಿದವರಿಗೆ ಆ ಬೆಟ್ಟವು ನುಣ್ಣಗೆ, ಬರಿದಾಗಿ ಕಂಡಿತು. ಹತ್ತಿರದಲ್ಲಿದ್ದವರಿಗೆ ಅದರ ಒಂದೊಂದು ಕಲ್ಲೂ ತಿಳಿದಿದ್ದಿತು.

ಇದಕ್ಕೆ ಎದುರಾಗಿ ಹೇಳುವ ಮಾತುಗಳೂ ಹಗುರವಾದವಲ್ಲ. ಜ್ಞಾನವು ಸಕಲ ಮಾನವಕೋಟಿಯ ಸ್ವತ್ತು, ಒಂದು ಕುಲದ ನಂಬಿಕೆಗಾಗಿ ಅದನ್ನು ತಡೆಯುವುದು ನ್ಯಾಯವಲ್ಲ ಎಂಬುದು ಒಂದು. ನ್ಯಾಯಾಲಯವೇ ಒಪ್ಪಿದ ಮೇಲೆ ತಕರಾರು ಸಲ್ಲದು ಎಂಬುದು ಎರಡನೆಯದು. ಮೂಲನಿವಾಸಿಗಳಲ್ಲಿಯೇ ದೂರದರ್ಶಕವನ್ನು ಬಯಸುವವರಿದ್ದಾರೆ ಎಂಬುದು ಮೂರನೆಯದು. ಇಷ್ಟು ತೊಂದರೆಯೇಕೆ, ಎಲ್ಲ ದೂರದರ್ಶಕಗಳನ್ನೂ ಅಂತರಿಕ್ಷಕ್ಕೇ ಕಳುಹಿಸಿದರೆ ಯಾರ ನೆಲವನ್ನೂ ಬೇಡಬೇಕಾಗಿಲ್ಲವಲ್ಲ ಎಂಬುದು ನಾಲ್ಕನೆಯದು.

ಕೊನೆಯದನ್ನು ಮೊದಲು ವಿಚಾರಿಸಬಹುದು. ಅಂತರಿಕ್ಷವು ಯಾರಿಗೂ ಸೇರದ ಬಯಲೆಂದು ತಿಳಿದುದೇ ಈಗ ಜ್ಯೋತಿಶ್ಶಾಸ್ತ್ರಕ್ಕೆ ಕುತ್ತಾಗಿದೆ. ೨೦೧೯ರ ಮೇ ತಿಂಗಳಿಂದ ಸ್ಟಾರ್‌ಲಿಂಕ್ ಎಂಬ ಕೃತಕ ಉಪಗ್ರಹಗಳು ತಂಡತಂಡವಾಗಿ ಮೇಲೇರಿ, ಇಂದು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಭೂಮಿಯನ್ನು ಸುತ್ತುತ್ತಿವೆ. ನೆಲದ ದೂರದರ್ಶಕಗಳು ತೆಗೆದ ಚಿತ್ರಗಳ ಮೇಲೆ ಅವು ಬಿಳಿಯ ಗೀರುಗಳನ್ನೆಳೆಯುವುವು. ಹಬಲ್‌ಗಿಂತ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಗೀರುಗಳು ಅದರ ಚಿತ್ರಗಳಲ್ಲಿಯೂ ಬಿದ್ದಿವೆ. ಇದನ್ನು ಕಂಡು ಜ್ಯೋತಿಶ್ಶಾಸ್ತ್ರಜ್ಞರು ವ್ಯಥೆಪಟ್ಟರು. ಕತ್ತಲೆಯ ಆಕಾಶವು ಎಲ್ಲರ ಸ್ವತ್ತು, ಒಂದು ಕಂಪೆನಿಯು ಯಾರನ್ನೂ ಕೇಳದೆ ಅದರ ಮುಖವನ್ನು ಬದಲಿಸಬಾರದು ಎಂಬುದು ಅವರ ವಾದ. ಇದರ ರಕ್ಷಣೆಗಾಗಿ ಅವರ ಅಂತರರಾಷ್ಟ್ರೀಯ ಒಕ್ಕೂಟವು ೨೦೨೨ರಲ್ಲಿ ಕೇಂದ್ರವೊಂದನ್ನೂ ತೆರೆಯಿತು. ವಾದವು ಸರ್ವಥಾ ನ್ಯಾಯವಾದುದು. ಆದರೆ ಅದೇ ವಾದವನ್ನು ಮೌನಾಕೆಯಾದ ರಸ್ತೆಯ ಮೇಲೆ ಕುಳಿತ ಮುದುಕಿಯೊಬ್ಬಳು ಬೆಟ್ಟದ ವಿಷಯದಲ್ಲಿ ಹೇಳಿದಾಗ ಅದು ಹೇಗೆ ಮೂಢನಂಬಿಕೆಯಾಗಬೇಕು? ಉಪಗ್ರಹದ ಕಂಪೆನಿಯೂ ಲೋಕೋಪಕಾರವನ್ನೇ ಹೇಳುವುದು. ಸರ್ಕಾರದ ಅನುಮತಿಯನ್ನೇ ತೋರಿಸುವುದು. ತನ್ನನ್ನು ಬಯಸುವವರು ಬಹುಮಂದಿಯೆನ್ನುವುದು. ಮೇಲೆ ಹೇಳಿದ ಮೊದಲ ಮೂರು ವಾದಗಳೂ ಹೀಗೆ ತಿರುಗಿ ಬಂದು ಹೇಳಿದವರ ಬಾಗಿಲನ್ನೇ ತಟ್ಟುವುವು. ತನಗೆ ನೋವಾದಾಗ ಯಾವುದು ನ್ಯಾಯವೆಂದು ತೋರುವುದೋ ಅದನ್ನೇ ಇನ್ನೊಬ್ಬನ ನೋವಿಗೂ ಅಳತೆಗೋಲಾಗಿ ಹಿಡಿಯುವುದಲ್ಲದೆ ಧರ್ಮವೆಂಬುದು ಬೇರೇನೂ ಅಲ್ಲ.

ಇದರಿಂದ ದೂರದರ್ಶಕಗಳೇ ಬೇಡವೆಂಬ ನಿರ್ಣಯವು ಹುಟ್ಟುವುದಿಲ್ಲ. ಹವಾಯಿಯ ಜನರು ನಕ್ಷತ್ರದ ವೈರಿಗಳಲ್ಲ. ಅವರ ಪೂರ್ವಿಕರು ದಿಕ್ಸೂಚಿಯಿಲ್ಲದೆ, ನಕ್ಷತ್ರಗಳ ಉದಯಾಸ್ತಗಳನ್ನು ನೆಚ್ಚಿ, ಸಾವಿರಾರು ಮೈಲಿಯ ಸಮುದ್ರವನ್ನು ದಾಟಿ ಆ ದ್ವೀಪಗಳನ್ನು ಸೇರಿದವರು. ಅದು ಕಟ್ಟುಕಥೆಯಲ್ಲವೆಂದು ತೋರಿಸಲು ೧೯೭೬ರಲ್ಲಿ ಹಳೆಯ ಮಾದರಿಯ ದೋಣಿಯೊಂದನ್ನು ಯಾವ ಉಪಕರಣವೂ ಇಲ್ಲದೆ ತಾಹಿತಿಯವರೆಗೆ ನಡೆಸಲಾಯಿತು. ಆ ದೋಣಿಯ ಹೆಸರು ಹೋಕುಲೆಆ, ಎಂದರೆ ಆನಂದದ ನಕ್ಷತ್ರ. ಹವಾಯಿಯ ನಡುನೆತ್ತಿಯ ಮೇಲೆ ಹಾದುಹೋಗುವ ಆ ತಾರೆಯೇ ಕನ್ನಡಿಗರು ಸ್ವಾತಿಯೆಂದು ಕರೆಯುವ ತಾರೆ. ಹೀಗಿರಲು ಕಲಹವು ಜ್ಞಾನಕ್ಕೂ ಅಜ್ಞಾನಕ್ಕೂ ಅಲ್ಲ. ಒಂದೇ ಆಕಾಶವನ್ನು ಪ್ರೀತಿಸುವ ಇಬ್ಬರಲ್ಲಿ ಒಬ್ಬನು ಇನ್ನೊಬ್ಬನನ್ನು ಕೇಳಲಿಲ್ಲವೆಂಬುದಕ್ಕೆ.

ಕೇಳುವುದು ಅಸಾಧ್ಯವೇನೂ ಅಲ್ಲ. ೨೦೨೨ರಲ್ಲಿ ಹವಾಯಿಯ ಶಾಸನಸಭೆಯು ಪರ್ವತದ ಪಾಲನೆಗಾಗಿ ಹೊಸ ಮಂಡಲಿಯೊಂದನ್ನು ಏರ್ಪಡಿಸಿ, ಅದರಲ್ಲಿ ಮೂಲನಿವಾಸಿಗಳಿಗೂ ಸ್ಥಾನವನ್ನು ಕೊಟ್ಟಿತು. ಕೆಲಸ ಮುಗಿಸಿದ ಎರಡು ದೂರದರ್ಶಕಗಳನ್ನು ೨೦೨೪ರಲ್ಲಿ ಕಳಚಿ ತೆಗೆಯಲಾಯಿತು. ಭಾರತದಲ್ಲಿಯೂ ಉದಾಹರಣೆಯುಂಟು. ಲಡಾಖಿನ ಹಾನ್ಲೆಯಲ್ಲಿ ೪,೫೦೦ ಮೀಟರ್ ಎತ್ತರದಲ್ಲಿರುವ ೨ ಮೀಟರ್ ದೂರದರ್ಶಕವನ್ನು ಹೊಸಕೋಟೆಯಿಂದಲೇ ಉಪಗ್ರಹದ ಮೂಲಕ ನಡೆಸುವರು. ಆ ಪ್ರದೇಶವನ್ನು ೨೦೨೨ರಲ್ಲಿ ಕತ್ತಲೆಯಾಕಾಶದ ರಕ್ಷಿತ ಕ್ಷೇತ್ರವೆಂದು ಸಾರಿದಾಗ, ಸುತ್ತಣ ಹಳ್ಳಿಗಳವರಿಗೆ ದೀಪವಾರಿಸಿರಿ ಎಂದು ಅಪ್ಪಣೆಮಾಡಿ ಬಿಡಲಿಲ್ಲ. ಅವರಿಗೆ ಚಿಕ್ಕ ದೂರದರ್ಶಕಗಳನ್ನು ಕೊಟ್ಟು, ನೋಡುವುದನ್ನು ಕಲಿಸಿದರು. ಬಂದ ಪ್ರವಾಸಿಗರಿಗೆ ಆಕಾಶವನ್ನು ತೋರಿಸುವುದು ಆ ಹಳ್ಳಿಗರಿಗೆ ಒಂದು ಜೀವನೋಪಾಯವೂ ಆಯಿತು. ದೀಪವನ್ನು ತಗ್ಗಿಸುವವನಿಗೆ ಅದರಿಂದ ತೋರುವ ನಕ್ಷತ್ರದಲ್ಲಿ ಪಾಲುಂಟೆಂದಾಗ ಕತ್ತಲೆಯು ಅವನದೂ ಆಗುವುದು.

ಕೇಳಿದರೆ ಇಲ್ಲವೆಂಬ ಉತ್ತರವೂ ಬರಬಹುದು. ಆಗ ಏನು ಮಾಡಬೇಕು? ಒಪ್ಪಿಗೆಯನ್ನು ಕೇಳುವವನು ನಿರಾಕರಣೆಯನ್ನೂ ಸಹಿಸಲು ಸಿದ್ಧನಾಗಿರಬೇಕು. ಇಲ್ಲವಾದರೆ ಅದು ಕೇಳಿಕೆಯಲ್ಲ, ಬರಿಯ ತಿಳಿವಳಿಕೆಯ ನೋಟೀಸು. ಬೇರೆ ಬೆಟ್ಟದಲ್ಲಿ ನೋಟವು ಸ್ವಲ್ಪ ಮಂದವಾಗಬಹುದು. ಕೆಲವು ವರ್ಷಗಳು ತಡವಾಗಬಹುದು. ಶಾಸ್ತ್ರಕ್ಕೆ ಇದು ನಷ್ಟವೇ ಸರಿ, ಅಲ್ಲಗಳೆಯಬೇಕಾದುದಿಲ್ಲ. ಆದರೆ ಸಾವಿರ ಕೋಟಿ ವರ್ಷಗಳಿಗೂ ಹೆಚ್ಚು ಕಾಲ ನಡೆದುಬಂದ ಬೆಳಕು ಇನ್ನೂ ಹತ್ತು ವರ್ಷ ಕಾಯಬಲ್ಲುದು. ತನ್ನ ಮನೆಯಿಂದಲೇ ತಳ್ಳಲ್ಪಟ್ಟ ಮುದುಕಿಯ ಆಯುಸ್ಸು ಅಷ್ಟು ಕಾಯಲಾರದು.

ಗಾಳಿಯ ಕೇಡನ್ನು ಅಳೆಯುವುದಕ್ಕೆ ಸೆಕೆಂಡಿಗೆ ನೂರಾರು ಸಲ ಬಾಗುವ ಕನ್ನಡಿಯನ್ನು ಕಟ್ಟಬಲ್ಲ ಮನುಷ್ಯನಿಗೆ ನೆರೆಯವನ ಮಾತಿಗೆ ಒಮ್ಮೆ ಬಾಗುವುದು ಅಸಾಧ್ಯವಾಗಲಾರದು. ಭೂಮಿಯ ಮೇಲಿನ ದೂರದರ್ಶಕಕ್ಕೆ ಗಾಳಿಯೂ ಬೇಕು, ನೆಲವೂ ಬೇಕು, ನೆಲದ ಜನವೂ ಬೇಕು, ಅದು ಗೃಹಸ್ಥ. ಗೃಹಸ್ಥನಿಗೆ ಋಣಗಳುಂಟು. ದೇವಋಣ, ಋಷಿಋಣ, ಪಿತೃಋಣಗಳೊಂದಿಗೆ ಅತಿಥಿಯನ್ನೂ ನೆರೆಯವರನ್ನೂ ಸತ್ಕರಿಸುವ ಮನುಷ್ಯಋಣವನ್ನೂ ಹಿರಿಯರು ಎಣಿಸಿರುವರು. ನಕ್ಷತ್ರಗಳನ್ನು ಅರಿಯುವುದರಿಂದ ಋಷಿಋಣವು ತೀರಬಹುದು. ಅದಕ್ಕಾಗಿ ಮನುಷ್ಯಋಣವನ್ನು ಮುಳುಗಿಸಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಹೊಸಕೋಟೆಯಲ್ಲಿ ನಯಗೊಳ್ಳುವ ಕನ್ನಡಿಯ ತುಂಡುಗಳು ಯಾವ ಬೆಟ್ಟವನ್ನೇರಿದರೂ ಏರಲಿ. ಆ ಬೆಟ್ಟದವರು ಕರೆದು ಕೂರಿಸಿದ ಅತಿಥಿಗಳಾಗಿ ಏರಲಿ.